ಪಾಳು ಕಟ್ಟಡವನ್ನು ಮರಳಿ ಪಾಳು ಬೀಳಿಸಿಕೊಡುವ ಬಗ್ಗೆ

ನಗರಾಡಳಿತದ ದೂರು ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಸಿಬ್ಬಂದಿಯ ಆರೋಗ್ಯ ಹಾಗೂ ತಮ್ಮ ಹೊಸ ಕಚೇರಿಯ ಕಿಟಕಿ ಗಾಜುಗಳ ಆರೋಗ್ಯವನ್ನು ಮೊದಲಿಗೆ ವಿಚಾರಿಸಿಕೊಳ್ಳುತ್ತೇನೆ. ಗಾಜುಗಳ ಮೇಲೆ ವಿಶೇಷ ಕಾಳಜಿ ಏಕೆಂದರೆ ಅವನ್ನು ಒರೆಸಿದವಳು ನಾನು. ಮುಚ್ಚಿದ ಲಕೋಟೆಯಲ್ಲಿ ಬಂದ ಪತ್ರಗಳು ತಮ್ಮಲ್ಲಿ ಮುಚ್ಚಿಯೇ ಇರುತ್ತವೆಂದು ಕೇಳಿ, ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಹೋಟೆಲೊಂದರಲ್ಲಿ ಕೋಣೆಗಳ ಶುಚಿತ್ವದ ಮೇಲ್ವಿಚಾರಕಿ, ನಮ್ಮ ಯಜಮಾನರು ಬಡಗಿ. ಸಾಂಕ್ರಾಮಿಕ ಬಂದು ಇಬ್ಬರ ಕೆಲಸಕ್ಕೂ ಬೀಗ ಬಿದ್ದಾಗ, ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮೈದುನ, ಓರಗಿತ್ತಿ ಮತ್ತು ಅವರ ಮಕ್ಕಳ ಜೊತೆ ನಾವೂ ಉಳಿದೆವು. ಅತ್ತೆಯವರಿಗೆ ಎದುರಿಗೆ ನಿಂತು ಕೂಗಿದರೂ ಕಿವಿ ಕೇಳದು, ಆದರೆ ಗಂಡ ಹೆಂಡತಿ ಪಿಸುಗುಟ್ಟಿದರೆ ಪರದೆಯ ಆಚೆಯಿಂದ "ಏನಂತೆ?" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಹೀಗಾಗಿ ಯಜಮಾನರು ಮನೆಯಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ.

ಆಗ ತಮ್ಮ ಧ್ವನಿವರ್ಧಕದ ಗಾಡಿ ಬಂದು, ಮನೆಯ ಹತ್ತಿರದಲ್ಲೇ, ಜನರಿಲ್ಲದ ಕಡೆ ಮಾತ್ರ ನಡೆದಾಡಬೇಕೆಂದು ಸಾರಿತು. ಆ ಆದೇಶವನ್ನು ನಮ್ಮಷ್ಟು ನಿಷ್ಠೆಯಿಂದ ಪಾಲಿಸಿದವರು ಇರಲಾರರು: ನಾವು ಜನರೇ ಇಲ್ಲದ ಕಟ್ಟಡಗಳನ್ನು ಹುಡುಕಿಕೊಂಡು ಹೋದೆವು. ಮುಚ್ಚಿದ ಐಸ್ ಕಾರ್ಖಾನೆಯೊಳಗೆ ಹೊಕ್ಕಾಗ ಸೂರಿನ ತಗಡು ನಮ್ಮ ಪಕ್ಕದಲ್ಲೇ ಬಿದ್ದಿತು. ಹಳೆಯ ಬ್ಯಾಂಕಿನಲ್ಲಿ ಪಾರಿವಾಳಗಳು ಗುಮಾಸ್ತರ ಜಾಗದಲ್ಲಿ ಕೂತು, ಗುಮಾಸ್ತರಂತೆಯೇ ನಮ್ಮತ್ತ ನೋಡಲಿಲ್ಲ. ಕೊನೆಗೆ, ಎರಡು ಬೀದಿ ಆಚೆ, ಬಾಗಿಲು ಜೋತುಬಿದ್ದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಸಿಕ್ಕಿತು.

ಧೂಳು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ವಾಲಿದ ಬಾಗಿಲು ಕಂಡರೆ ಯಜಮಾನರದ್ದೂ ಅದೇ ಕಥೆ. ನಾನು ಸೆರಗಿನಲ್ಲಿ ಒಂದು ಮೇಜು ಒರೆಸಿದೆ, ಅವರು ಒಂದು ಕೀಲು ಬಿಗಿ ಮಾಡಿದರು, ಮರುದಿನದಿಂದ ನಾನು ಬಕೆಟ್ಟನ್ನೂ ಅವರು ಉಳಿಯನ್ನೂ ಚೀಲದಲ್ಲಿ ಬಚ್ಚಿಟ್ಟುಕೊಂಡು "ವಾಯುವಿಹಾರ"ಕ್ಕೆ ಹೊರಡತೊಡಗಿದೆವು. ಕೈ ಆಡುತ್ತಿದ್ದಂತೆ ಅವರ ಬಾಯಿಯೂ ಬಿಚ್ಚಿಕೊಂಡಿತು, ಮಾನ್ಯರೇ! ನಮ್ಮ ಮದುವೆಯ ಮಂಚದ ಒಂದು ಕಾಲು ಗಿಡ್ಡವೆಂದು, ಅದನ್ನು ಇಷ್ಟು ವರ್ಷ ನನಗೆ ತಿಳಿಯದಂತೆ ಮರದ ಚೂರಿಟ್ಟು ಕಾಪಾಡುತ್ತಿದ್ದಾರೆಂದು ಅಲ್ಲೇ ಒಪ್ಪಿಕೊಂಡರು. ನಾನು ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ಸುಖವಾಗಿ ನಾನು ಯಾವ ಮನೆಯಲ್ಲೂ ಇದ್ದಿರಲಿಲ್ಲ.

ಒಂದು ದಿನ ಅವರು ಉಳಿ ಕೆಳಗಿಟ್ಟು, "ನಿಂಗೊಂದು ಮಾತು ಹೇಳ್ಬೇಕು ಕಣೆ, ಮದುವೆ ಆದಾಗಿನಿಂದ ಹೇಳೋಕೇ ಆಗಿಲ್ಲ. ಏನಪ್ಪಾ ಅಂದ್ರೆ..." ಎಂದರು. ಆ ಗಳಿಗೆಗೆ ಸರಿಯಾಗಿ ತಮ್ಮ ಸಮೀಕ್ಷಾ ತಂಡ ಅಳತೆಪಟ್ಟಿ ಹಿಡಿದು ಒಳಗೆ ಬಂತು. ನಮ್ಮನ್ನು ಕಟ್ಟಡದ ನೌಕರರೆಂದೇ ತಿಳಿದು ಬೆನ್ನು ತಟ್ಟಿ, ಬೀಗದ ಕೈ ಕೇಳಿ, ಅದು ನಮ್ಮಲ್ಲಿಲ್ಲವೆಂದು ಗೊತ್ತಾದ ಮೇಲೆ ಹೊರಗೆ ದಬ್ಬಿತು. ವಾರ ಕಳೆಯುವುದರೊಳಗೆ, ಕುರ್ಚಿಗಳ ನಡುವೆ ಅಂತರ ಸಾಲದೆಂದು ಒದ್ದಾಡುತ್ತಿದ್ದ ತಮ್ಮ ದೂರು ವಿಭಾಗವೇ ಅಲ್ಲಿಗೆ ಬಂದು ಕೂತಿತು. "ಪಾಳು ಬಿಟ್ಟ ಕಟ್ಟಡವನ್ನೂ ನಮ್ಮ ಇಲಾಖೆ ಇಷ್ಟು ಅಚ್ಚುಕಟ್ಟಾಗಿ ಇಟ್ಟಿದೆ" ಎಂದು ತಾವು ಪತ್ರಿಕೆಯಲ್ಲಿ ಹೇಳಿದ್ದನ್ನು ಓದಿ ನನ್ನ ಹೃದಯ ತುಂಬಿ ಬಂತು, ಹೊಟ್ಟೆಯೂ ಸ್ವಲ್ಪ ಉರಿಯಿತು.

ಅಂದಿನಿಂದ ಯಜಮಾನರು ಮತ್ತೆ ಮೌನ. "ಅವತ್ತೇನೋ ಹೇಳ್ತಿದ್ರಲ್ಲ?" ಎಂದರೆ ಪರದೆಯತ್ತ ನೋಡಿ "ಏನಿಲ್ಲ ಬಿಡು" ಎನ್ನುತ್ತಾರೆ. ಆ ಮಾತು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ನನಗೆ ಭಯವೂ ಆಗುತ್ತದೆ, ಆಸೆಯೂ ಆಗುತ್ತದೆ. ಏನೇ ಇರಲಿ, ಅದು ನನಗೆ ಸೇರಬೇಕಾದ ಮಾತು, ನನಗದು ಬೇಕು.

ಆದ್ದರಿಂದ ಸದರಿ ಕಟ್ಟಡವನ್ನು ಮರಳಿ ಪಾಳು ಬೀಳಿಸಿಕೊಡಬೇಕಾಗಿ ವಿನಂತಿ. ಕಿಟಕಿಯ ಗಾಜು ಒಂದೆರಡು ಒಡೆದು, ಬ್ಯಾಂಕಿನ ಪಾರಿವಾಳಗಳಲ್ಲಿ ಕೆಲವನ್ನು ಇಲ್ಲಿಗೆ ವರ್ಗ ಮಾಡಿದರೆ ಉತ್ತಮ. ಧೂಳಿಗೆ ತಾವು ಪರದಾಡಬೇಕಿಲ್ಲ: ತಮ್ಮಲ್ಲಿರುವ ದೂರಿನ ಕಡತಗಳನ್ನು ಒಮ್ಮೆ ಕೊಡವಿದರೆ ಇಡೀ ಕಟ್ಟಡಕ್ಕೆ ಧಾರಾಳವಾಗಿ ಸಾಕಾಗುತ್ತದೆ.

ಇತಿ,
ಮೊದಲು ತಮ್ಮ ಕಿಟಕಿಗಳಿಗೆ, ನಂತರ ತಮಗೂ
ವಿಶ್ವಾಸಿಯಾದ,
ಎರಡು ಬೀದಿ ಆಚೆಯ ಬಡಗಿಯ ಹೆಂಡತಿ

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕದೆ ನಾಳೆ ನಾವಿಬ್ಬರೂ ಖುದ್ದಾಗಿ ತರುತ್ತಿದ್ದೇವೆ. ದೂರು ಹೊತ್ತು ಬಂದವರನ್ನು ತಾವು ಒಳಕೋಣೆಯ ಬೆಂಚಿನಲ್ಲಿ ಕೂರಿಸಿದರೆ ಸಂಜೆಯವರೆಗೆ ಕರೆಯುವುದಿಲ್ಲವೆಂದೂ, ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ಅತ್ತ ಸುಳಿಯುವುದಿಲ್ಲವೆಂದೂ ಪಕ್ಕದ ಮನೆಯವರು ಕಣ್ಣೀರಿಟ್ಟು ಹೇಳಿದರು. ಕೈಮುಗಿದು ಕೇಳುತ್ತೇನೆ, ನಾಳೆಯೂ ಆ ಪದ್ಧತಿಯನ್ನು ಬಿಡಬೇಡಿ. ಅಕಸ್ಮಾತ್ ನಮ್ಮ ಸರದಿ ಬೇಗ ಬಂದು, ಯಜಮಾನರು ಇನ್ನೂ ಮಾತಾಡುತ್ತಿದ್ದರೆ, ದಯವಿಟ್ಟು ನಮ್ಮನ್ನು ಬಿಟ್ಟು ಮುಂದಿನವರನ್ನು ಕರೆಯಿರಿ.