ನನ್ನ ತಂಗಿಯ ಒತ್ವವನ್ನು ಒಪ್ಪದ ಯಂತ್ರಕ್ಕೆ

ವಿವಾಹ ನೋಂದಣಿ ಕಚೇರಿಯ ಮೂರನೆಯ ಕಿಟಕಿಯ ಹಿಂದೆ ವಿರಾಜಮಾನರಾಗಿ ಹೆಸರುಗಳನ್ನು ತಾಳೆ ನೋಡುವ ಘನತೆವೆತ್ತ ಕಂಪ್ಯೂಟರ್ ಅವರ ಸನ್ನಿಧಿಗೆ,

ಮಾನ್ಯರೇ,

ಧೂಳಿಲ್ಲದ ತಂಪು ಕೋಣೆಯಲ್ಲಿ ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು. ಒಂದು ಸೊನ್ನೆಯೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲವೆಂದು ಬೀಗುತ್ತಿದ್ದವನು. ಕಳೆದ ಸೋಮವಾರ ಆ ಜಂಬವನ್ನು ಇಳಿಸಿದ್ದಕ್ಕಾಗಿ ತಮಗೆ ಮೊದಲ ವಂದನೆ.

ಅಂದು ನನ್ನ ತಂಗಿಯ ಮದುವೆ ಆಗಬೇಕಿತ್ತು. ಅವಳು ಬಟ್ಟೆ ಹೊಲಿಯುವವಳು, ವಯಸ್ಸು ಐವತ್ತಮೂರು. ವರ ಲಿಫ್ಟ್ ರಿಪೇರಿ ಮಾಡುವವರು. ಅಂಗಿಗೆ ಗುಂಡಿ ಹಾಕಿಸುವ ನೆಪದಲ್ಲಿ ಹನ್ನೊಂದು ವರ್ಷ ಅವಳ ಅಂಗಡಿಗೆ ಬಂದು, ಆ ಗುಂಡಿಗಳನ್ನು ತಾವೇ ಕಿತ್ತುಕೊಳ್ಳುತ್ತಿದ್ದುದಾಗಿ ಈಚೆಗೆ ಒಪ್ಪಿಕೊಂಡ ಸಜ್ಜನರು. ತಂಗಿಯ ಹೆಸರಿನ ನಡುವೆ ಒಂದು 'ಕೊ' ಇದೆ. ಜನನ ಪತ್ರದಲ್ಲೂ ಗುರುತಿನ ಚೀಟಿಯಲ್ಲೂ ಆ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ. ತಾವು ಮಾತ್ರ ಕೆಂಪು ಬಣ್ಣದಲ್ಲಿ 'ಇವರು ಬೇರೆ ಬೇರೆ ವ್ಯಕ್ತಿಗಳು' ಎಂದು ಅಪ್ಪಣೆ ಕೊಡಿಸಿದಿರಿ.

"ನನ್ ಕಣ್ಣಿಗೂ ಒಂದೇ ಕಾಣ್ಸುತ್ತೆ ಸಾರ್, ಆದ್ರೆ ಇದು ಒಪ್ತಿಲ್ಲ. ಇವ್ರೇ ಅವ್ರು ಅಂತ ಪ್ರಮಾಣಪತ್ರ ಬರ್ಸ್ಕೊಂಡ್ ಬನ್ನಿ" ಎಂದರು ಕಿಟಕಿಯ ಗುಮಾಸ್ತೆ. ಮರುದಿನ ಒಯ್ದೆವು. ಕಾಗದ ತೂರಿಸಲು ತಮಗೆ ಬಾಯಿಲ್ಲದ ಕಾರಣ ತಾವು ಅದರ ಮುಖವನ್ನೂ ನೋಡದೆ ಮತ್ತೆ ಕೆಂಪಗಾದಿರಿ.

ತಂಗಿ ಎದ್ದು ನಿಂತಳು. "ಬಿಡಣ್ಣ. ಈ ವಯಸ್ಸಲ್ಲಿ ಇವಳಿಗ್ಯಾಕೆ ಮದುವೆ ಅಂತ ಇಡೀ ಬೀದಿ ಕೇಳ್ತು. ಈಗ ಇದೂ ಕೇಳ್ತಿದೆ."

ನಾನೂ ಎದ್ದೆ. ವರಮಹಾಶಯರು ಮಾತ್ರ ಅಲುಗಾಡಲಿಲ್ಲ. "ಹನ್ನೊಂದು ವರ್ಷ ಕಾದಿದೀನಿ. ಒಂದು ಡಬ್ಬಿ ಬೇಡ ಅಂದ್ರೆ ಎದ್ದು ಹೋಗ್ತೀನಾ? ಕೂತ್ಕೊಳ್ಳಿ ನೀವು" ಎಂದರು.

ಅವಳು ಕುಳಿತಳು. ಬಟ್ಟೆಯನ್ನು ನೋಡುವಂತೆ ತಮ್ಮ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಗುಮಾಸ್ತೆಗೆ "ಅಮ್ಮಾ, ಬಟ್ಟೆ ಒಂದೇ ತುಂಡೋ ಜೋಡಿಸಿದ್ದೋ ಅಂತ ಅನುಮಾನ ಬಂದ್ರೆ ನಾವು ಬಿಚ್ಚಿ ನೋಡ್ತೀವಿ. ಈ ಹೆಸರನ್ನೂ ಹಿಂದಿನಿಂದ ಒಂದೊಂದೇ ಅಳಿಸಿ ನೋಡಿ" ಎಂದಳು. ಗುಮಾಸ್ತೆ ಎರಡೂ ಹೆಸರುಗಳನ್ನು ಖಾಲಿ ಪುಟಕ್ಕೆ ತಂದು ಅಳಿಸುತ್ತ ಹೋದರು. 'ಕೊ' ಬಂದಾಗ ಒಂದು ಕಡೆ ಉಳಿದದ್ದು 'ಕ', ಇನ್ನೊಂದು ಕಡೆ 'ಕೆ'!

ಆಗ ತಮ್ಮ ಪಾಂಡಿತ್ಯ ನಮಗೆ ಅರಿವಾಯಿತು. ತಮ್ಮ ಹೊಟ್ಟೆಯಲ್ಲಿ ಅಕ್ಷರಗಳೇ ಇಲ್ಲ, ಯೂನಿಕೋಡ್ ಎಂಬ ಪಟ್ಟಿ ಕೊಟ್ಟ ಸಂಖ್ಯೆಗಳಷ್ಟೇ ಇವೆ. 'ಕೊ'ವಿನ ಒತ್ವಕ್ಕೆ ತನ್ನದೇ ಒಂದು ಸಂಖ್ಯೆ. 'ಕೆ'ಯ ಎತ್ವಕ್ಕೊಂದು, 'ಕೂ'ವಿನ ಕೊಂಬಿನ ಇಳಿಗೊಂದು. ಜನನ ಪತ್ರ ಟೈಪಿಸಿದ ಪುಣ್ಯಾತ್ಮ ನೇರವಾಗಿ ಒತ್ವ ಒತ್ತಿದ್ದ. ಗುರುತಿನ ಚೀಟಿ ಟೈಪಿಸಿದ ಇನ್ನೊಬ್ಬ ಎತ್ವಕ್ಕೆ ಕೊಂಬಿನ ಇಳಿ ಅಂಟಿಸಿ ಅದೇ ರೂಪ ಪಡೆದಿದ್ದ. ಇವೆರಡನ್ನೂ ಒಂದೇ ಎಂದು ತಿಳಿಯತಕ್ಕದ್ದು ಎಂದು ಆ ಪಟ್ಟಿಯವರೇ ಬರೆದಿಟ್ಟಿದ್ದಾರಂತೆ. ಅದನ್ನು ಓದುವ ಮಟ್ಟಕ್ಕೆ ತಾವು ಇಳಿಯಲಿಲ್ಲ. ಇಂಥ ಸೂಕ್ಷ್ಮದೃಷ್ಟಿ ಕಚೇರಿಯಲ್ಲೇ ವ್ಯರ್ಥವಾಗಬಾರದು. ದಯಮಾಡಿ ಒಮ್ಮೆ ನಮ್ಮ ಮನೆಗೆ ಚಿತ್ತೈಸಿ, ವರಮಹಾಶಯರ ಹಲ್ಲುಗಳಲ್ಲಿ ಹುಟ್ಟಿದವೆಷ್ಟು ಕಟ್ಟಿಸಿದವೆಷ್ಟು, ಅದರಿಂದ ಅವರು ಒಬ್ಬರೋ ಇಬ್ಬರೋ ಎಂಬುದನ್ನು ತೀರ್ಮಾನಿಸಿಕೊಡಬೇಕಾಗಿ ವಿನಂತಿ.

ಗುಮಾಸ್ತೆ ಗುರುತಿನ ಚೀಟಿಯ ಹೆಸರನ್ನು ಹೊಸದಾಗಿ ಟೈಪಿಸಿದರು. ತಾವು ಹಸಿರಾದಿರಿ. ತಂಗಿ ಸಹಿ ಹಾಕುವಾಗ ಆ 'ಕೊ'ವನ್ನು ಪೆನ್ನೆತ್ತದೆ ಒಂದೇ ಎಳೆತಕ್ಕೆ ಬರೆದಳು. ಕಣ್ಣೊರೆಸಿಕೊಂಡವನು ನಾನು.

ತಾವು ಇಬ್ಬರೆನ್ನುವವರೆಗೆ ಒಬ್ಬನೇ ಆಗಿರುವ,
ತಮ್ಮ ವಿಶ್ವಾಸಿ,
ವಧುವಿನ ಅಣ್ಣ

ಮರೆತ ಮಾತು: ತಾವು ಅಚ್ಚು ಹಾಕಿ ಕೊಟ್ಟ ಕಾಗದದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ವಿವಾದ ನೋಂದಣಿ ಪತ್ರ' ಎಂದಿದೆ. 'ಹ' ಇರಬೇಕಾದಲ್ಲಿ 'ದ' ಕುಳಿತಿರುವುದು ತಮಗೆ ಕಾಣಲಿಲ್ಲ. ತಿದ್ದಿಸಲು ಹೊರಟವನನ್ನು ತಂಗಿಯೇ ತಡೆದಳು: "ಇರ್ಲಿ ಬಿಡಣ್ಣ. ಮನೆ ಕಿಟಕಿ ಪರದೆ ಯಾವ ಬಣ್ಣ ಅಂತ ನಮ್ಮಿಬ್ರಿಗೂ ನಿನ್ನೆಯಿಂದ ವಾದ ಶುರುವಾಗಿದೆ. ಇದೇ ಸರಿ."