ಎರಡು ಪದರದ ಬೆಟ್ಟ

ರುವಾನ್ ಬೋಕ್ವಿನ್‌ನ ತಲೆನೋವು ಶುರುವಾದದ್ದು ಅವನು ಅರ್ಧ ಹಾಳೆಯನ್ನು ಖಾಲಿ ಬಿಟ್ಟದ್ದರಿಂದ. ಮಸಿಯಲ್ಲಿ ಬೆಟ್ಟ ಬರೆಯುವವರು ಮಂಜನ್ನು ಬರೆಯುವುದಿಲ್ಲ, ಹಾಳೆಯನ್ನು ಹಾಗೇ ಬಿಡುತ್ತಾರೆ, ಅದೇ ಮಂಜು. ಸಾವಿರ ವರ್ಷದಿಂದ ದೇಶವೇ ಒಪ್ಪಿದ ಈ ಮಾತನ್ನು ತುನ್‌ಶಿ ಊರಿನ ಅವನ ವಠಾರ ಮಾತ್ರ ಒಪ್ಪಿರಲಿಲ್ಲ.

ಅಂದು ಸಂಜೆ ಬಡಾವಣೆ ಸಮಿತಿಯ ಸ್ಪರ್ಧೆ. ವಿಷಯ, 'ಮಸಿಯ ಬೆಟ್ಟ ಮತ್ತು ಇಂದಿನ ಕಾಲ'. ಬಹುಮಾನ ಬಂದರೆ ಅವನ ಚಿತ್ರದ ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿ ಮಾಜಾಂಗ್ ಆಟದ ಮೇಜು ಬರುತ್ತದೆ ಎಂದು ಹೆಂಡತಿ ಪೇಯ್‌ಲಾನ್ ಖಡಾಖಂಡಿತವಾಗಿ ಹೇಳಿದ್ದಳು. ರುವಾನ್ ಚಿತ್ರವನ್ನು ಅಂಗಳದಲ್ಲಿ ಒಣಗಲು ಹರಡಿದ.

"ಏನ್ ರುವಾನಣ್ಣ, ಮಸಿ ಮುಗ್ದೋಯ್ತಾ?" ಎಂದಳು ಕೆಳಮನೆಯ ಖಾಂಗಮ್ಮ.

"ಅದು ಮಂಜು, ಖಾಂಗಮ್ಮ."

"ಮಂಜಂತೆ. ನಾಳೆ ನಾನೂ ನಮ್ಮೆಜಮಾನ್ರಿಗೆ ಖಾಲಿ ಬಟ್ಟಲು ಕೊಟ್ಟು, ಇದು ಆವಿ, ಉಣ್ಣಿ ಅಂತೀನಿ."

ಅವನು ನೂಡಲ್ಸ್ ಬಸಿದು ಬರುವಷ್ಟರಲ್ಲಿ ಚಿತ್ರದ ಮಂಜಿನಲ್ಲಿ ಕೇಬಲ್ ಕಾರೊಂದು ನೇತಾಡುತ್ತಿತ್ತು. ಕುಂಚ ಹಿಡಿದು ನಿಂತಿದ್ದವನು ಬಸ್ ಓಡಿಸಿ ನಿವೃತ್ತನಾದ, ಅದೇ ವಠಾರದ ಶಾವ್.

"ಇಂದಿನ ಕಾಲ ಅಂದಿದಾರಲ್ಲ ಸಮಿತಿಯೋರು," ಎಂದ ಅವನು ಶಾಂತವಾಗಿ. "ಈಗ ಯಾರಪ್ಪ ನಡ್ಕೊಂಡು ಬೆಟ್ಟ ಹತ್ತೋರು?"

ಅದರ ಕೆಳಗೆ ಖಾಂಗಮ್ಮ ಛತ್ರಿ ಹಿಡಿದ ಹದಿನೇಳು ಜನರ ಸಾಲನ್ನು ನಿಲ್ಲಿಸಿದ್ದಳು. "ಕ್ಯೂ ಇಲ್ದೆ ಕೇಬಲ್ ಕಾರ್ ಹತ್ತಿದೋರನ್ನ ನಾನಂತೂ ನೋಡಿಲ್ಲ," ಎಂದಳು.

ರುವಾನ್‌ಗೆ ಅಳುವೇ ಬಂತು. ಹಾಳೆಯನ್ನು ಸುತ್ತಿಕೊಂಡು, ಚಿತ್ರಗಳಿಗೆ ಹಿಂಬದಿಯ ಕಾಗದ ಅಂಟಿಸುವ ಗೆಳೆಯ ತೂನ ಅಂಗಡಿಗೆ ಓಡಿದ.

ತೂ ಅದರ ಅಂಚನ್ನು ಉಜ್ಜಿ ನೋಡಿದ. "ಬದುಕಿದೆ ಮಾರಾಯ. ಇದು ಎರಡು ಪದರದ ಹಾಳೆ. ನೀನು ನೀರುನೀರಾಗಿ ಬರ್ದಿದ್ದು ಕೆಳಗಿನ ಪದರಕ್ಕೂ ಇಳ್ದಿದೆ. ಅವರು ಒಣ ಕುಂಚದಲ್ಲಿ ಗೀಚಿದ್ದು ಮೇಲೇ ನಿಂತಿದೆ."

ಹಾಳೆಯನ್ನು ನೆನೆಸಿ, ಹಾಲಿನ ಕೆನೆ ತೆಗೆದಂತೆ ಮೇಲಿನ ಪದರವನ್ನು ಎಬ್ಬಿಸಿದ. ಕೆಳಗೆ ರುವಾನನ ಬೆಟ್ಟ, ತುಸು ತಿಳಿಯಾಗಿ, ಮೊದಲಿಗಿಂತ ಚೆನ್ನಾಗಿತ್ತು. ಮಂಜಿನಲ್ಲಿ ಒಬ್ಬ ನರಮನುಷ್ಯನೂ ಇರಲಿಲ್ಲ.

"ಬೆಟ್ಟ, ಕಾರು, ಕ್ಯೂ ಎಲ್ಲಾ ಇರೋ ಈ ಮೇಲಿಂದು ಏನ್ಮಾಡ್ಲಿ?" ಎಂದ ತೂ.

"ಗೀಚಿದೋರಿಗೇ ಕೊಟ್ಬಿಡು. ಇಟ್ಕೊಂಡು ಪೂಜೆ ಮಾಡ್ಲಿ," ಎಂದ ರುವಾನ್.

ಅವರು ಪೂಜೆ ಮಾಡಲಿಲ್ಲ, ಸ್ಪರ್ಧೆಗೆ ಕೊಟ್ಟರು. ಸಂಜೆ ಎರಡೂ ಅಕ್ಕಪಕ್ಕದಲ್ಲೇ ತೂಗಿದವು. ತೀರ್ಪುಗಾರರಾದ ಮೇಷ್ಟ್ರು ಕೇಬಲ್ ಕಾರಿನ ಮುಂದೆ ಬಹಳ ಹೊತ್ತು ನಿಂತರು. "ಸಾವಿರ ವರ್ಷದ ಬೆಟ್ಟ. ಅದರ ಬುಡದಲ್ಲಿ ಕ್ಯೂ ನಿಂತಿರೋರು ನಾವೇ," ಎಂದು ನಿಟ್ಟುಸಿರಿಟ್ಟು ಮೊದಲ ಬಹುಮಾನ ಘೋಷಿಸಿದರು. ಆಮೇಲೆ ರುವಾನನ ಚಿತ್ರದತ್ತ ತಿರುಗಿ, "ಇದು ಅದರದೇ ನಕಲು. ಬೆಟ್ಟ ಕದ್ದಿದ್ದಾನೆ, ಜನರನ್ನ ಬರೆಯೋಕೆ ಬಂದಿಲ್ಲ," ಎಂದು ಕೆಳಗಿಳಿಸಿದರು.

ರುವಾನ್ ತಲೆ ತಗ್ಗಿಸಿ ಮನೆಗೆ ಬಂದ. ಕೋಣೆಯಲ್ಲಿ ಮಾಜಾಂಗ್ ಮೇಜು ಇರಲಿಲ್ಲ. ಅವನು ಮಸಿ ಅರೆಯುವ ಕಲ್ಲು ಇದ್ದಲ್ಲೇ ಇತ್ತು.

"ಕೋಣೆ ಚಿತ್ರಕ್ಕೇ ಇರ್ಲಿ ಅಂತ ತೀರ್ಮಾನ ಮಾಡ್ದೆ," ಎಂದಳು ಪೇಯ್‌ಲಾನ್.

ಅವನ ಕಣ್ಣು ತುಂಬಿ ಬಂತು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಇಂಥ ಮಾತನ್ನು ಅವನು ಕೇಳಿರಲಿಲ್ಲ.

"ನಾಳೆಯಿಂದ ಶಾವಣ್ಣ, ಖಾಂಗಮ್ಮ ಇಲ್ಲೇ ಕೂತು ಬರೀತಾರೆ. ಬಹುಮಾನ ಬಂದೋರಿಗೆ ಜಾಗ ಬೇಡ್ವಾ? ನೀವು ಬೆಳಿಗ್ಗೆ ಬೇಗ ಎದ್ದು ಬೆಟ್ಟ ಬರ್ದಿಟ್ಟು ಆಚೆ ಬಂದ್ಬಿಡಿ. ಅರ್ಧ ಹಾಳೆ ಖಾಲಿ ಬಿಡೋದು ಮಾತ್ರ ಮರೀಬೇಡಿ, ಅವ್ರಿಗೆ ಜಾಗ ಸಾಲಲ್ಲ."