ಚಿಪ್‌ನ ಮೂಲೆಯ ಅಕ್ಷರ

ನಕ್ಷೆಯಪ್ಪನ ಹೆಂಡತಿಗೆ ಹೆಮ್ಮೆ ತಡೆಯಲಾಗಲಿಲ್ಲ, ಅಷ್ಟೇ ಆದದ್ದು. ಮನೆಯಲ್ಲಿರುವ ಹಳೆಯ ವಿಡಿಯೋ ಆಟದ ಪೆಟ್ಟಿಗೆಯ ಚಿಪ್‌ನಲ್ಲಿ ತನ್ನ ಹೆಸರಿನ ಮೊದಲಕ್ಷರ 'ಮ' ಇದೆ, ಗಂಡನೇ ಬರೆದದ್ದು ಎಂದು ಮೆಟ್ಟಿಲ ಮೇಲೆ ನಾಲ್ಕು ಜನರೆದುರು ಹೇಳಿದಳು. ಕೆಳಮನೆಯ ಗಡಿಯಾರ ರಿಪೇರಿಯವನು ಸಂಜೆ ಸೂಕ್ಷ್ಮದರ್ಶಕ ತರುತ್ತೇನೆ, ಎಲ್ಲರೂ ನೋಡೋಣ ಎಂದುಬಿಟ್ಟ. ಒಳಗೆ ಗಡ್ಡ ಹೆರೆಯುತ್ತಿದ್ದ ನಕ್ಷೆಯಪ್ಪ ಕೆನ್ನೆ ಕೊಯ್ದುಕೊಂಡ.

ಹೆಂಡತಿಗೆ ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಟೀವಿಗೆ ಜೋಡಿಸಿ ಆಡುವ ಆ ಪೆಟ್ಟಿಗೆಯ ಚಿಪ್‌ಗೆ ನಕ್ಷೆ ಬರೆದವನು ಅವನೇ. ಚಾಪೆಯಗಲದ ಹಾಳೆಯ ಮೇಲೆ ಮಂಡಿಯೂರಿ ಎಳೆದ ಗೆರೆಗಳು ಕಾರ್ಖಾನೆಯಲ್ಲಿ ಕುಗ್ಗಿ ಉಗುರಿಗಿಂತ ಚಿಕ್ಕವಾಗುತ್ತಿದ್ದವು. ಮುಂದೆ ಖರ್ಚು ಉಳಿಸಲು ಚಿಪ್ ಅನ್ನು ಇನ್ನೂ ಚಿಕ್ಕದು ಮಾಡಿದಾಗ ಹೊಸ ನಕ್ಷೆಯ ಮೂಲೆಯಲ್ಲಿ 'ಮ' ಬರೆದಿದ್ದ. ಆದರೆ ಮನೆಯಲ್ಲಿರುವುದು ಮೊದಲ ಪೆಟ್ಟಿಗೆ, ಮದುವೆಗೆ ಮುಂಚಿನದು. ಅದರ ಮೂಲೆಯಲ್ಲಿರುವುದು 'ಲ', ಪಕ್ಕದಲ್ಲೊಂದು ಹೂವು; ಆಗ ನಕ್ಷೆ ವಿಭಾಗದಲ್ಲಿದ್ದ ಒಬ್ಬ ಹುಡುಗಿಯ ಮೊದಲಕ್ಷರ. ಆ ಹುಡುಗಿಯೊಡನೆ ಅವನ ಮಾತು 'ಪೆನ್ಸಿಲ್ ಕೊಡ್ತೀರಾ' ಎನ್ನುವುದನ್ನು ದಾಟಿರಲಿಲ್ಲ. ಆದರೂ ಇಷ್ಟು ವರ್ಷ ಸುಖವಾಗಿ ಬಾಳಿದ ಮನೆಯಲ್ಲಿ ಇದನ್ನು ಯಾವ ಮುಖದಿಂದ ಹೇಳುವುದು?

ಹಳೆಯ ಪೆಟ್ಟಿಗೆಯನ್ನು ಅಟ್ಟಕ್ಕೆ ತಳ್ಳಿ, ಊರಾಚೆಯ ಹಳೆಯ ಸಹೋದ್ಯೋಗಿಯ ಮನೆಗೆ ಓಡಿದ. ಅವನ ಬಳಿ, ನೋಡಲು ಹಾಗೇ ಇದ್ದರೂ ಚಿಕ್ಕ ಚಿಪ್‌ನ ಕಾಲದಲ್ಲಿ ಬಂದ ಎರಡನೆಯ ಪೆಟ್ಟಿಗೆಯಿತ್ತು. ಆ ಪುಣ್ಯಾತ್ಮ ತನ್ನ ಮಂಡಿನೋವಿನ ಪುರಾಣ ಮುಗಿಸಿಯೇ ಅದನ್ನು ಕೊಟ್ಟ. ಮರಳಿ ಮೆಟ್ಟಿಲು ಹತ್ತುವಾಗ ಮೇಲ್ಮನೆಯಾಕೆ ಚೀಲದಲ್ಲೇನು ಎಂದು ಕೇಳಿದಳು. ತಕ್ಷಣ ತೋಚಿದಂತೆ ಹೊಸ ಕುಕ್ಕರ್ ಎಂದ.

ಸಂಜೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಿಪೇರಿಯವನು ಚಿಪ್‌ನ ಮುಚ್ಚಳ ಎಬ್ಬಿಸಿ ಕಣ್ಣಿಟ್ಟ. ನಕ್ಷೆಯಪ್ಪ ನಿಶ್ಚಿಂತೆಯಿಂದ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಅಕ್ಷರ ಇದೆ ಅಕ್ಕ. ಆದ್ರೆ 'ಲ' ಅಂತ ಕಾಣ್ತಿದೆ. ಪಕ್ಕದಲ್ಲಿ ಹೂವು."

ನಕ್ಷೆಯಪ್ಪನ ಕಾಲು ತಾನಾಗಿ ಕೆಳಗಿಳಿಯಿತು. ಪೆಟ್ಟಿಗೆ ಹೊಸದು, ಚಿಪ್ ಹಳೆಯದು. ಉಳಿದ ಹಳೆಯ ಚಿಪ್‌ಗಳನ್ನು ಎಸೆಯುವುದೇಕೆ, ಹೊಸ ಪೆಟ್ಟಿಗೆಗೇ ಹಾಕಿ ಮುಗಿಸೋಣ ಎಂದು ಆಗ ಸಭೆಯಲ್ಲಿ ಎದ್ದು ನಿಂತು ಹೇಳಿದ ಜಾಣ ಯಾರು? ಅವನೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಹೆಂಡತಿ ತಾನೂ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ಬಾಗಿದ ಬೆನ್ನು ಕಂಡು ಅವನಿಗೆ ನಿಜವಾಗಿ ಸಂಕಟವಾಯಿತು.

"ಲ ಅಂದ್ರೆ ಯಾರ್ರೀ?"

"ಲಾಜಿಕ್," ಎಂದ. "ಚಿಪ್ ಒಳಗೆ ಇರೋದೇ ಅದು ಕಣೇ."

ಅಷ್ಟರಲ್ಲಿ ಮೇಲ್ಮನೆಯಾಕೆ, ಮಧ್ಯಾಹ್ನ ತಂದ ಹೊಸ ಕುಕ್ಕರನ್ನು ನಾಳೆಗೊಂದು ದಿನ ಕೊಡುತ್ತೀರಾ ಎಂದು ಕೇಳಿದಳು. ಹೆಂಡತಿ ಮೂಲೆಯಲ್ಲಿ ಬಿದ್ದಿದ್ದ ಖಾಲಿ ಚೀಲವನ್ನು ನೋಡಿದಳು, ಮೇಜಿನ ಮೇಲಿನ ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ಗಂಡನ ಅಂಗಿಗೆ ಮೆತ್ತಿದ್ದ ಅಟ್ಟದ ಧೂಳನ್ನು ನೋಡಿದಳು.

"ಏಣಿ ಹಾಕಿ, ಅಟ್ಟದಲ್ಲಿರೋ ನಮ್ಮ ಪೆಟ್ಟಿಗೇನೂ ಇಳಿಸಿ," ಎಂದಳು ಮೆಲ್ಲಗೆ. "ಅದ್ರಲ್ಲೂ ಲಾಜಿಕ್ಕೇ ಹೂವು ಮುಡಿದಿದ್ದಾಳಾ ನೋಡೋಣ."